ಕೂಸೆಷ್ಟು ಎಂದು ಕೇಳದೆ ಕುಲಾವಿ ಹೊಲಿಸಿದರೆ?

2025–26ರ ರಾಜ್ಯ ಬಜೆಟ್‌ನಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಘೋಷಣೆಯಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವಿನ ಈ ಯೋಜನೆಯ ಮೊತ್ತ 2,500 ಕೋಟಿ ರೂಪಾಯಿ. ಅದಕ್ಕೂ ಮೊದಲು, 2022ರ ನವೆಂಬರ್ 14ರಂದು, ‘ವಿವೇಕ’ ಯೋಜನೆಯಡಿ 7,601 ಶಾಲಾ ಕೊಠಡಿಗಳಿಗೆ ಚಾಲನೆ ಸಿಕ್ಕಿತ್ತು. ಆಗ ಚರ್ಚೆಯಾದದ್ದು ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬುದು. ಈಗ ಚರ್ಚೆಯಾಗುತ್ತಿರುವುದು ದೊಡ್ಡ ಶಾಲೆ ಬಂದರೆ ಸುತ್ತಲಿನ ಸಣ್ಣ ಶಾಲೆಗಳು ಮುಚ್ಚುತ್ತವೆಯೇ ಎಂಬುದು. ಎರಡನೆಯದು ಖಂಡಿತ ಮುಖ್ಯವಾದ ಪ್ರಶ್ನೆ. ಆದರೆ ಎರಡೂ ಸಲ ಯಾರೂ ಗಟ್ಟಿಯಾಗಿ ಕೇಳದ ಇನ್ನೊಂದು ಪ್ರಶ್ನೆ ಇದೆ: ಇನ್ನು ಹತ್ತು ವರ್ಷಕ್ಕೆ ಈ ಕೊಠಡಿಗಳಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ?

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ನೀರು ಸರಬರಾಜು ವಿಷಯದಲ್ಲಿ ನಮಗೆ ಮೊದಲು ಕಲಿಸುವುದೇ ಜನಸಂಖ್ಯೆಯ ಅಂದಾಜು. ಊರಿಗೆ ಒಂದು ಟ್ಯಾಂಕ್ ಕಟ್ಟಬೇಕೆಂದರೆ ಇವತ್ತಿನ ಜನರನ್ನು ಎಣಿಸಿದರೆ ಸಾಲದು, ಮುಂದಿನ 30 ವರ್ಷಕ್ಕೆ ಎಷ್ಟು ಜನ ಆಗಬಹುದು ಎಂದು ಲೆಕ್ಕ ಹಾಕಬೇಕು. ಆ ಲೆಕ್ಕವಿಲ್ಲದೆ ವಿನ್ಯಾಸ ತೋರಿಸಿದರೆ ಮೇಷ್ಟ್ರು ಹಾಳೆಯನ್ನೇ ತಿರುಗಿಸಿ ಕೊಡುತ್ತಾರೆ. ಕಾಂಕ್ರೀಟ್ ಕೊಠಡಿಯೂ ಸುಮಾರು 50 ವರ್ಷ ಬಾಳುವಂಥದ್ದೇ. ಟ್ಯಾಂಕಿಗೆ ಬೇಕಾದ ಲೆಕ್ಕ ಸಾಲಿಗೆ ಬೇಡವೇ?

‘ಇದು ತೆರಿಗೆ ಕಟ್ಟುವವರ ಚಿಂತೆ, ನಮಗೇನು?’ ಎಂದು ಓದುತ್ತಿರುವ, ಕೆಲಸ ಹುಡುಕುತ್ತಿರುವ ಗೆಳೆಯರು ಕೇಳಬಹುದು. ಆದಾಯ ತೆರಿಗೆ ಕಟ್ಟುವವರು ಅದರ ಮೇಲೆ ಶೇ 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ಟುತ್ತಾರೆ, ನಿಜ. ಆದರೆ ಮೊಬೈಲ್ ರೀಚಾರ್ಜ್‌ನಲ್ಲಿ, ಬೈಕಿಗೆ ಹಾಕಿಸುವ ಪೆಟ್ರೋಲ್‌ನಲ್ಲಿ ತೆರಿಗೆ ಕಟ್ಟದವರು ನಮ್ಮಲ್ಲಿ ಯಾರಿದ್ದಾರೆ? ಸಾಲ ತಂದು ಕಟ್ಟಿದರಂತೂ ಅದನ್ನು ತೀರಿಸುವುದು ಇವತ್ತು ಇಪ್ಪತ್ತರ ಆಸುಪಾಸಿನಲ್ಲಿರುವ ನಾವೇ.

ಈಗ ಲೆಕ್ಕಕ್ಕೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2005–06ರಲ್ಲಿ 2.1 ಇತ್ತು. 2015–16ರಲ್ಲಿ ಅದು 1.8ಕ್ಕೆ, 2019–21ರಲ್ಲಿ 1.7ಕ್ಕೆ ಇಳಿಯಿತು. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಅಷ್ಟೇ ಸಂಖ್ಯೆಯಲ್ಲಿ ತುಂಬಬೇಕಾದರೆ ಈ ಸರಾಸರಿ 2.1 ಇರಬೇಕು. ಅಂದರೆ ಖಾಸಗಿ ಶಾಲೆಗಳ ಪೈಪೋಟಿಯನ್ನು ಬದಿಗಿಟ್ಟರೂ ಒಂದನೇ ತರಗತಿಗೆ ಬರುವ ಮಕ್ಕಳ ಸಂಖ್ಯೆಯೇ ಕಡಿಮೆಯಾಗುತ್ತಾ ಹೋಗುತ್ತದೆ.

ಇದು ಶಾಲೆಯ ಒಟ್ಟು ಸಂಖ್ಯೆಯಲ್ಲಿ ಕೂಡಲೇ ಕಾಣುವುದಿಲ್ಲ. ಒಂದು ಊಹೆಯ ಉದಾಹರಣೆ ನೋಡಿ. ಒಂದು ಕಿರಿಯ ಪ್ರಾಥಮಿಕ ಶಾಲೆಯ ಐದನೇ ತರಗತಿಯಲ್ಲಿ 30, ನಾಲ್ಕರಲ್ಲಿ 27, ಮೂರರಲ್ಲಿ 24, ಎರಡರಲ್ಲಿ 21, ಒಂದರಲ್ಲಿ 18 ಮಕ್ಕಳಿದ್ದಾರೆ ಎಂದುಕೊಳ್ಳಿ. ಒಟ್ಟು 120. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 91ರಿಂದ 120 ಮಕ್ಕಳಿಗೆ ನಾಲ್ವರು ಶಿಕ್ಷಕರು, ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ. ಹಾಗಾಗಿ ನಾಲ್ಕು ಕೊಠಡಿ ಬೇಕೆಂದು ಪ್ರಸ್ತಾವ ಹೋಗುತ್ತದೆ. ಪ್ರತಿವರ್ಷ ಒಂದನೇ ತರಗತಿಗೆ 18 ಮಕ್ಕಳೇ ಬರುತ್ತಾ ಹೋದರೆ ನಾಲ್ಕು ವರ್ಷಗಳ ನಂತರ ಐದೂ ತರಗತಿ ಸೇರಿ ಉಳಿಯುವುದು 90 ಮಕ್ಕಳು. ಆಗ ನಿಯಮದಂತೆ ಮೂವರು ಶಿಕ್ಷಕರು, ಮೂರು ಕೊಠಡಿ ಸಾಕು. ಮಂಜೂರಾತಿ, ಟೆಂಡರ್, ಕಾಮಗಾರಿ ಎಲ್ಲ ಮುಗಿದು ನಾಲ್ಕನೇ ಕೊಠಡಿಯ ಬಾಗಿಲು ತೆರೆಯುವ ಹೊತ್ತಿಗೆ ಅದಕ್ಕೆ ಮಕ್ಕಳೂ ಇಲ್ಲ, ಮೇಷ್ಟ್ರೂ ಇಲ್ಲ.

ಹಾಗೆಂದು ಇಳಿಕೆಯ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಮೂರು ಕಡೆ ಎಡವುವ ಸಾಧ್ಯತೆ ಇದೆ.

ಮೊದಲನೆಯದು ಕೊರೊನಾ ಕಾಲ. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರು 2018ರಲ್ಲಿ ಶೇ 65.6ರಷ್ಟಿದ್ದರು. 2022ರಲ್ಲಿ ಅದು ಶೇ 72.9ಕ್ಕೆ ಏರಿತು. 2024ರ ಹೊತ್ತಿಗೆ ಮತ್ತೆ ಶೇ 66.8ಕ್ಕೆ ಬಂತು. 2022ರ ಅಂಕಿ ಹಿಡಿದು ಕಟ್ಟಿದವರಿಗೆ ಕೊಠಡಿ ಹೆಚ್ಚಾಗುತ್ತದೆ. 2022ರಿಂದ 2024ರವರೆಗಿನ ಕುಸಿತವನ್ನಷ್ಟೇ ನೋಡಿದವರು ಸರ್ಕಾರಿ ಶಾಲೆಯ ಕಥೆ ಮುಗಿಯಿತು ಎನ್ನುತ್ತಾರೆ. ಎರಡೂ ತಪ್ಪು.

ಎರಡನೆಯದು ವಯಸ್ಸಿನ ನಿಯಮ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಜಾರಿಯನ್ನು ಮುಂದೂಡಿ, 2025–26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಇಂಥ ನಿಯಮ ಬಿಗಿಯಾದ ವರ್ಷ ಒಂದನೇ ತರಗತಿ ಸಣಕಲಾಗಿ ಕಾಣುತ್ತದೆ. ಆ ಮಕ್ಕಳು ಎಲ್ಲಿಗೂ ಹೋಗಿರುವುದಿಲ್ಲ, ಒಂದು ವರ್ಷ ತಡವಾಗಿ ಬರುತ್ತಾರೆ ಅಷ್ಟೇ.

ಮೂರನೆಯದು ಗುಳೆ. ಸವದತ್ತಿ, ರಾಮದುರ್ಗ ಭಾಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗೋವಾ ಕಡೆಗೋ ಮಂಗಳೂರು ಕಡೆಗೋ ದುಡಿಯಲು ಹೋದ ಮನೆಯ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಬೆಂಚಿನ ಮೇಲೆ ಅವರು ಇರುವುದಿಲ್ಲ. ಬರಗಾಲದ ವರ್ಷದ ಹಾಜರಿ ನೋಡಿ ಶಾಲೆಯ ಹಣೆಬರಹ ಬರೆಯುವುದು ಅನ್ಯಾಯ.

ಇಷ್ಟಕ್ಕೂ ‘ಮಕ್ಕಳು ಕಡಿಮೆ, ಆದ್ದರಿಂದ ಕಟ್ಟಡ ಬೇಡ’ ಎಂಬುದು ನನ್ನ ವಾದವಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಮುನವಳ್ಳಿ, ರಾಮದುರ್ಗದ ಸುತ್ತಮುತ್ತ ಏನಾಯಿತು ಎಂಬುದು ನಮ್ಮ ಭಾಗದ ಎಲ್ಲರಿಗೂ ನೆನಪಿದೆ. ಗೋಡೆ ಕುಸಿಯುವ ಭಯವಿರುವ ಕಡೆ 20 ಮಕ್ಕಳಿದ್ದರೂ ಹೊಸ ಕೊಠಡಿ ಬೇಕೇ ಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ, ಕುಡಿಯುವ ನೀರು, ಕಾಂಪೌಂಡ್ ಇಲ್ಲದ ಕಡೆ ಅವು ಮೊದಲು ಬರಬೇಕು. ಸೋರುವ ಕೊಠಡಿಯನ್ನು ಬದಲಿಸುವುದು ಬೇರೆ, ಸಂಖ್ಯೆ ಹೆಚ್ಚಿಸುವುದು ಬೇರೆ. ಒಂದೇ ಪಟ್ಟಿಯಲ್ಲಿ ಎರಡೂ ಸೇರಿಕೊಂಡಾಗ ನಿಜವಾದ ಅಗತ್ಯವಿರುವ ಶಾಲೆ ಹಿಂದೆ ಬೀಳುತ್ತದೆ. ಅಗತ್ಯವಿಲ್ಲದ ಕಡೆ ಸುರಿದ ಪ್ರತಿ ರೂಪಾಯಿ ಸೋರುವ ಸೂರಿನಡಿ ಕುಳಿತ ಮಗುವಿನ ಪಾಲಿನದು.

ಇನ್ನೊಂದು ತುದಿಯಲ್ಲಿ ವಿಲೀನದ ಅಪಾಯವಿದೆ. 2018ರ ಜುಲೈ ಬಜೆಟ್‌ನಲ್ಲಿ 28,847 ಶಾಲೆಗಳನ್ನು ಒಂದು ಕಿಲೋಮೀಟರ್ ವ್ಯಾಪ್ತಿಯ 8,530 ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾವ ಬಂದಾಗ ಸಾಹಿತಿಗಳು, ಪೋಷಕರು ಎದ್ದು ನಿಂತರು. ಕಾಗದದ ಮೇಲೆ ಒಂದು ಕಿಲೋಮೀಟರ್ ಚಿಕ್ಕದು. ನಡುವೆ ಹಳ್ಳವೋ ಹೆದ್ದಾರಿಯೋ ಇದ್ದರೆ ಆರು ವರ್ಷದ ಮಗುವಿಗೆ ಅದು ದೊಡ್ಡದು. ಮೊದಲು ಕೈಬಿಡುವುದು ಹೆಣ್ಣುಮಗುವಿನ ಓದನ್ನೇ.

ಕರ್ನಾಟಕ ಪಬ್ಲಿಕ್ ಶಾಲೆಯ ವಿಷಯದಲ್ಲೂ ಲೆಕ್ಕ ಸ್ವಲ್ಪ ಸಿಕ್ಕಾಗಿದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಇಂಗ್ಲಿಷ್ ಮಾಧ್ಯಮದ ಅವಕಾಶ ಎಂದರೆ ಪೋಷಕರು ಬರುತ್ತಾರೆ. ಒಳ್ಳೆಯ ಕಟ್ಟಡವೇ ದಾಖಲಾತಿಯನ್ನು ಹೆಚ್ಚಿಸಬಲ್ಲದು. ಕೇರಳ 2017ರಿಂದ ಸರ್ಕಾರಿ ಶಾಲೆಗಳಿಗೆ ದೊಡ್ಡ ಮೊತ್ತ ಹಾಕಿದ ನಂತರ ಅಲ್ಲಿ ಕೆಲವು ವರ್ಷ ಮಕ್ಕಳ ಸಂಖ್ಯೆ ಏರಿದ್ದುಂಟು. ಆದರೆ ಕೇಳಬೇಕಾದ ಮಾತು, ಬಂದ ಮಕ್ಕಳು ಎಲ್ಲಿಂದ ಬಂದರು ಎಂಬುದು. ಖಾಸಗಿ ಶಾಲೆ ಬಿಟ್ಟು ಬಂದರೆ ಅದು ಗಳಿಕೆ. ಪಕ್ಕದ ಹಳ್ಳಿಯ ಸರ್ಕಾರಿ ಶಾಲೆ ಖಾಲಿ ಮಾಡಿ ಬಂದರೆ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದಂತೆ. ಅಲ್ಲಿ ಈಗಷ್ಟೇ ಕಟ್ಟಿದ ಕೊಠಡಿಗೆ ಬೀಗ ಬೀಳುತ್ತದೆ. ಯುಡೈಸ್ ಪ್ಲಸ್‌ನ 2024–25ರ ಅಂಕಿಅಂಶದಂತೆ ದೇಶದಲ್ಲಿ ಒಬ್ಬ ವಿದ್ಯಾರ್ಥಿಯೂ ಇಲ್ಲದ ಶಾಲೆಗಳು ಸುಮಾರು 8 ಸಾವಿರ. ಒಬ್ಬರೇ ಶಿಕ್ಷಕರಿರುವ ಶಾಲೆಗಳು 1 ಲಕ್ಷಕ್ಕೂ ಹೆಚ್ಚು. ಮಕ್ಕಳಿಲ್ಲದ ಶಾಲೆ ಮತ್ತು ಶಿಕ್ಷಕರಿಲ್ಲದ ಶಾಲೆ ಒಂದೇ ದೇಶದಲ್ಲಿ ಪಕ್ಕಪಕ್ಕ ಇರುವುದು ಯೋಜನೆ ತಪ್ಪಿದ್ದರ ಗುರುತು.

ಹಾಗಾದರೆ ಸರಿಯಾದ ಅಂದಾಜು ಎಲ್ಲಿ ಸಿಗುತ್ತದೆ? ಜನಗಣತಿ ಸದ್ಯಕ್ಕೆ ನೆರವಿಗಿಲ್ಲ. ಕೊನೆಯದು ನಡೆದದ್ದು 2011ರಲ್ಲಿ, ಮುಂದಿನದರ ಎಣಿಕೆಗೆ ಗೊತ್ತಾದ ದಿನ 2027ರ ಮಾರ್ಚ್ 1. ಆದರೆ ಪ್ರತಿ ಊರಿನಲ್ಲೂ ಅದಕ್ಕಿಂತ ತಾಜಾ ಲೆಕ್ಕವಿದೆ, ಅಂಗನವಾಡಿ ಕಾರ್ಯಕರ್ತೆಯ ರಿಜಿಸ್ಟರ್‌ನಲ್ಲಿ. ಇವತ್ತು ಹುಟ್ಟಿದ ಕೂಸು ಒಂದನೇ ತರಗತಿಗೆ ಬರಲು ಆರು ವರ್ಷ ಬೇಕು. ಅಂದರೆ ಆರು ವರ್ಷದ ಮುನ್ಸೂಚನೆ ಅಕ್ಕೋರ ಮೇಜಿನ ಮೇಲೆಯೇ ಇದೆ.

ಕಾನೂನೂ ಇದನ್ನೇ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಪೋಷಕರೇ ಹೆಚ್ಚಿರುವ ಸಮಿತಿ, ಅಂದರೆ ನಮ್ಮ ಎಸ್‌ಡಿಎಂಸಿ ತಯಾರಿಸಬೇಕು. ಮೂರು ವರ್ಷದ ಆ ಯೋಜನೆಯಲ್ಲಿ ತರಗತಿವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು, ಎಷ್ಟು ಕೊಠಡಿ, ಎಷ್ಟು ಹಣ ಬೇಕು ಎಂಬ ಅಂದಾಜು ಇರಬೇಕು. ವರ್ಷಕ್ಕೆರಡು ಸಲ ಸಹಿ ಹಾಕಿಸುವುದಕ್ಕಷ್ಟೇ ಸಭೆ ಕರೆದರೆ ಈ ಕೆಲಸ ಆಗುವುದಿಲ್ಲ.

ಇಲ್ಲಿ ನಮ್ಮ ಸ್ವಂತ ಹಿತವೂ ಇದೆ. ಡಿ.ಇಡಿ, ಬಿ.ಇಡಿ ಮುಗಿಸಿ ಟಿಇಟಿಗೆ ಓದುತ್ತಿರುವ ಗೆಳೆಯರೇ, ಹುದ್ದೆಗಳ ಸಂಖ್ಯೆ ನಿಂತಿರುವುದು ಇದೇ ಮಕ್ಕಳ ಲೆಕ್ಕದ ಮೇಲೆ. ಅಂದಾಜು ಪ್ರಾಮಾಣಿಕವಾಗಿದ್ದರೆ ಹತ್ತು ವರ್ಷದ ನೇಮಕಾತಿಯನ್ನೂ ಮೊದಲೇ ಹೇಳಬಹುದು. ಇಲ್ಲದಿದ್ದರೆ ಒಂದು ವರ್ಷ ಸಾವಿರಾರು ಹುದ್ದೆ, ಮುಂದೆ ವರ್ಷಗಟ್ಟಲೆ ‘ಹೆಚ್ಚುವರಿ ಶಿಕ್ಷಕರು’ ಎಂಬ ಮಾತು, ನಡುವೆ ಅತಿಥಿ ಶಿಕ್ಷಕರ ಪಾಡು.

ನಮ್ಮ ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆಂದು ಬರೆದುಕೊಟ್ಟವರು. 1933ರಲ್ಲಿ ಆರಂಭವಾದ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರ ಹೆಸರಿದೆ. ಅವರ ಆಸ್ತಿಯ ಟ್ರಸ್ಟ್ ನೀಡಿದ ವಿದ್ಯಾರ್ಥಿವೇತನದಲ್ಲಿ ಓದಿದವರು ಈ ನಾಡಿನಲ್ಲಿ ಬಹಳ ಮಂದಿ. ದಾನದ ಹಣಕ್ಕೆ ಲೆಕ್ಕ ಕೇಳುವ ನಾವು ತೆರಿಗೆಯ ಹಣಕ್ಕೂ ಲೆಕ್ಕ ಕೇಳಬೇಕಲ್ಲವೇ?

ಕೇಳುವುದು ಕಷ್ಟವೂ ಅಲ್ಲ. ನಿಮ್ಮೂರ ಶಾಲೆಯ ಮೂರು ವರ್ಷದ ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಮುಖ್ಯ ಶಿಕ್ಷಕರಲ್ಲಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿಯ ಶುಲ್ಕ 10 ರೂಪಾಯಿ. ಹೊಸ ಕೊಠಡಿಯ ಪ್ರಸ್ತಾವ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ವಿಚಾರಿಸಿ. ಯೋಜನೆ ಬರೆಯಲು ಎಸ್‌ಡಿಎಂಸಿಯ ತಾಯಂದಿರಿಗೆ ನೆರವು ಬೇಕಾದರೆ ಒಂದು ಭಾನುವಾರ ಕೊಡಿ. ಕೂಡಿಸಿ ಕಳೆಯುವಷ್ಟು ಗಣಿತ ಸಾಕು, ಅದನ್ನು ನಮಗೆ ಕಲಿಸಿದ್ದೂ ಅದೇ ಸಾಲಿ.