ಸಹಕರಿಸದವರು ಯಾರು?



ಹೊಸ ಎಂಆರ್‌ಐ ಯಂತ್ರದ ಉದ್ಘಾಟನೆಯ ಫೋಟೊ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಕತ್ತರಿ ಹಿಡಿದವರು, ಕತ್ತರಿಯ ತಟ್ಟೆ ಹಿಡಿದವರು, ಹಿಂದಿನಿಂದ ಇಣುಕಿದವರು, ಎಲ್ಲರ ಹೆಸರೂ ಇತ್ತು. ಯಂತ್ರ ಎಷ್ಟು ಟೆಸ್ಲಾದ್ದು, ಎಷ್ಟು ಕೋಟಿಯದ್ದು ಎಂಬುದೂ ಇತ್ತು. ಅದರ ಮುಂದೆ ಕೂತು ಚಿತ್ರ ನೋಡಿ ವರದಿ ಬರೆಯುವ ರೆಸಿಡೆಂಟ್ ಡಾಕ್ಟರರಿಗೆ ಆ ಕೆಲಸ ಕಲಿಸುವವರು ಯಾರು ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಪ್ರಶ್ನೆ ನಿಮ್ಮ ವರದಿಗಾರರಿಗೆ ಹೊಳೆಯಲಿಲ್ಲವೋ, ಹೊಳೆದರೂ ಕೇಳಲಿಲ್ಲವೋ ತಿಳಿಯದು. ನನಗೆ ಹೊಳೆಯಲು ಕಾರಣವಿದೆ.

ನನ್ನ ಅಕ್ಕ ಖಾನಾಪುರ ತಾಲ್ಲೂಕಿನವಳು, ನಂದಗಡದ ಕಡೆ ಮನೆ. ವಯಸ್ಸು ಎಪ್ಪತ್ತರ ಆಸುಪಾಸು, ಸಕ್ಕರೆ ಕಾಯಿಲೆ ಹಳೆಯದು. ಕಣ್ಣು ಹಳದಿಯಾಗಿ, ಪಕ್ಕೆಯಲ್ಲಿ ನೋವು ಬಂತು. ಪಿತ್ತನಾಳದಲ್ಲಿ ಹರಳು ಇರಬಹುದೆಂದು ಎಂಆರ್‌ಸಿಪಿ ಬರೆದುಕೊಟ್ಟರು. ಪಿತ್ತನಾಳ ನೋಡುವ ಎಂಆರ್‌ಐ ಅದು. ಒಂದು ದೊಡ್ಡ ಬೋಧನಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಸರು ಬರೆಯುವುದಿಲ್ಲ. ಇದು ಒಂದು ಆಸ್ಪತ್ರೆಯ ಕಥೆ ಎಂದು ಉಳಿದವರು ನಿರುಮ್ಮಳವಾಗಿ ನಿದ್ದೆ ಮಾಡುವುದು ಬೇಡ.

ಬೆಳಿಗ್ಗೆ ಏನೂ ತಿನ್ನದೆ ಬರಲು ಹೇಳಿದ್ದರು. ಸರಿ, ಈ ಪರೀಕ್ಷೆಗೆ ನಾಲ್ಕಾರು ತಾಸು ಖಾಲಿ ಹೊಟ್ಟೆ ಬೇಕು, ಒಪ್ಪೋಣ. ಸಕ್ಕರೆ ಕಾಯಿಲೆಯ ಮುದುಕಿಯನ್ನು ಮಧ್ಯಾಹ್ನ ದಾಟುವ ತನಕ ಅದೇ ಖಾಲಿ ಹೊಟ್ಟೆಯಲ್ಲಿ ಕೂರಿಸಬೇಕೆಂದು ಯಾವ ಪುಸ್ತಕದಲ್ಲಿದೆ? ಒಳಗೆ ಕರೆಯುವ ಮೊದಲು ಕಾರಿಡಾರಿನಲ್ಲೇ, ಹೋಗಿಬರುವವರ ಎದುರಿಗೇ, ಕಾಲುಂಗುರ ಬಿಚ್ಚಲು ಹೇಳಿದರು. ಊದಿದ ಬೆರಳು, ಉಂಗುರ ಬರಲಿಲ್ಲ. ಒಬ್ಬ ಹುಡುಗ ಸೋಪಿನ ನೀರು ತಂದು ಉಜ್ಜಿ ಎಳೆದ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ಆಮೇಲೆ ಒಂದು ಇಂಗ್ಲಿಷ್ ಫಾರ್ಮು: ದೇಹದೊಳಗೆ ಪೇಸ್‌ಮೇಕರ್ ಇದೆಯೇ, ಕ್ಲಿಪ್ ಇದೆಯೇ, ಲೋಹದ ಪ್ಲೇಟ್ ಇದೆಯೇ ಎಂದು ಕೇಳುವ ಫಾರ್ಮು. ಯಾರೂ ಓದಿ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಎಂಆರ್‌ಐ ಯಂತ್ರದೊಳಗಿನ ಅಯಸ್ಕಾಂತಕ್ಕೆ ಹಗಲು ರಾತ್ರಿ ಎಂಬುದಿಲ್ಲ, ಸದಾ ಚಾಲೂ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಯೊಳಗೆ ಹೋಗಿ, ಯಂತ್ರದ ಸೆಳೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಅಷ್ಟಾದ ಮೇಲೂ ಆ ಫಾರ್ಮು ನಮ್ಮವರಿಗೆ ಬರೀ ಹೆಬ್ಬೆಟ್ಟಿನ ಜಾಗ.

ಮರುದಿನ ವರದಿ ಕೈಗೆ ಬಂತು. ಅದರಲ್ಲಿ ಹರಳಿನ ಮಾತಿಲ್ಲ. ರೋಗಿ ಸಹಕರಿಸಲಿಲ್ಲ, ಉಸಿರು ಹಿಡಿಯಲಿಲ್ಲ, ಚಿತ್ರಗಳು ಮಸುಕು, ಮತ್ತೊಮ್ಮೆ ಮಾಡಿಸಿರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ರೆಸಿಡೆಂಟ್ ಡಾಕ್ಟರರ ಸಹಿ.

ಸಂಪಾದಕರೇ, ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಎಕ್ಸ್‌-ರೇ ತಂತ್ರಜ್ಞನಾಗಿದ್ದು ನಿವೃತ್ತನಾದವನು. ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದ ಕಾಲದವನು. ‘ಸಹಕರಿಸಲಿಲ್ಲ’ ಎಂದು ಬರೆಯುವುದು ಎಷ್ಟು ಸುಲಭವೆಂದು ನನಗೆ ಗೊತ್ತು. ಅಕ್ಕನನ್ನು ಕೇಳಿದೆ, ಒಳಗೆ ಏನು ಹೇಳಿದರು ಅಂತ. “ಏನೋ ಅಂದ್ರಪಾ ಕಿವ್ಯಾಗ. ಆ ಬಡಬಡ ಸಪ್ಪಳದಾಗ ನನಗೇನ್ ತಿಳೀಲಿಲ್ಲ. ಸತ್ತೇ ಹೋಕ್ಕೀನಿ ಅಂದ್ಕೊಂಡು ದೇವರ ಹೆಸರು ಹೇಳಕೋತ ಬಿದ್ದಿದ್ದೆ” ಅಂದಳು. ಕಿವಿಯಲ್ಲಿ ಬರುತ್ತಿದ್ದುದು ಯಂತ್ರದಲ್ಲಿ ಮೊದಲೇ ತುಂಬಿಟ್ಟ ಇಂಗ್ಲಿಷ್ ಧ್ವನಿ. ಕೈಗೆ ಕೊಟ್ಟಿದ್ದ ರಬ್ಬರ್ ಬುಗ್ಗೆಯನ್ನು ಗಾಬರಿಯಾದರೆ ಒತ್ತಬೇಕೆಂದೂ ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ಗಟ್ಟಿಯಾಗಿ ಒತ್ತಿದರೆ ಏನಾದರೂ ಕೆಟ್ಟೀತೆಂದು ಹಗುರಾಗಿ ಹಿಡಿದುಕೊಂಡಿದ್ದಳಂತೆ. ಸಹಕಾರ ಇದಕ್ಕಿಂತ ಹೆಚ್ಚು ಏನು ಬೇಕು ಸ್ವಾಮಿ?

ತಲೆ, ಬೆನ್ನುಹುರಿಯ ಎಂಆರ್‌ಐ ಬೇರೆ, ಹೊಟ್ಟೆಯದು ಬೇರೆ. ತಲೆ ಮಿಸುಕದೆ ಬಿದ್ದಿರುತ್ತದೆ. ಹೊಟ್ಟೆಯಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಉಸಿರಿನ ಜೊತೆ ಪಿತ್ತಜನಕಾಂಗ ಮೇಲೆ ಕೆಳಗೆ ಹೋಗುತ್ತದೆ, ಕರುಳು ತನ್ನ ಪಾಡಿಗೆ ತಾನು ಹೊರಳುತ್ತದೆ, ಪಕ್ಕದಲ್ಲಿ ಹೃದಯ ಬಡಿಯುತ್ತಿರುತ್ತದೆ. ಅದಕ್ಕೇ ಹದಿನೈದಿಪ್ಪತ್ತು ಸೆಕೆಂಡು ಉಸಿರು ಹಿಡಿಸಿ ಚಿತ್ರ ತೆಗೆಯುವುದು. ಅಷ್ಟು ಹೊತ್ತು ಹಿಡಿಯಲಾರದವರಿಗೆ ಉಸಿರಾಟದ ಲಯವನ್ನು ಯಂತ್ರವೇ ಗುರುತಿಸಿ, ಉಸಿರು ಬಿಟ್ಟು ನಿಂತ ಗಳಿಗೆಯಲ್ಲಿ ಮಾತ್ರ ಚಿತ್ರ ಹಿಡಿಯುವ ಉಪಾಯವೂ ಇದೆ. ಎಂಆರ್‌ಸಿಪಿಯಲ್ಲಿ ಪಿತ್ತರಸ ಬೆಳ್ಳಗೆ ಹೊಳೆಯುತ್ತದೆ, ಹರಳು ಅದರ ನಡುವೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹೊಟ್ಟೆಯೊಳಗಿನ ನೀರೂ ಹೊಳೆದು ಅಡ್ಡ ಬಾರದಿರಲೆಂದು ಕೆಲವರು ಅನಾನಸ್ ರಸ ಕುಡಿಸುತ್ತಾರೆ, ಅದರಲ್ಲಿರುವ ಮ್ಯಾಂಗನೀಸ್‌ ಆ ಹೊಳಪನ್ನು ಕುಗ್ಗಿಸುತ್ತದೆ. ಇಂಥ ಸಣ್ಣಪುಟ್ಟ ಕಸುಬು ವರದಿ ಬರೆಯುವ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಬರುವುದಿಲ್ಲ. ಯಂತ್ರದ ಪಕ್ಕ, ತಂತ್ರಜ್ಞನ ಪಕ್ಕ, ರೋಗಿಯ ಪಕ್ಕ ನಿಂತರೆ ಬರುತ್ತದೆ. ಮೊದಲ ಚಿತ್ರ ಮಸುಕಾಗಿ ಬಂದ ಕೂಡಲೇ ಎದ್ದುಹೋಗಿ, ಅಜ್ಜಿ ಇನ್ನೂ ಮಲಗಿರುವಾಗಲೇ ನಾಲ್ಕು ಮಾತು ಹೇಳಿ ಮತ್ತೆ ತೆಗೆಸಬೇಕಿತ್ತು. ಮನೆಗೆ ಕಳಿಸಿ, ಮರುದಿನ ತಪ್ಪೆಲ್ಲ ಅವಳದೇ ಎಂದು ಬರೆಯುವುದಕ್ಕೆ ಎಂ.ಡಿ. ಯಾಕೆ ಬೇಕು?

ಹಾಗೆ ಬರೆದಾಗ ಅಕ್ಕನಿಗೆ ಜ್ವರ, ಚಳಿ ನಡುಕ ಶುರುವಾಗಿತ್ತು. ಪಿತ್ತನಾಳ ಕಟ್ಟಿಕೊಂಡು ಕೀವಾದರೆ ಗತಿ ಏನೆಂದು ವೈದ್ಯರಿಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ಕಡೆ ಕರೆದೊಯ್ದೆವು. ಅಲ್ಲಿನ ತಂತ್ರಜ್ಞ, ನಡುವಯಸ್ಸಿನ ಹೆಣ್ಣುಮಗಳು, ಅಕ್ಕನ ಕೈ ಹಿಡಿದು ಹೊರಗೇ ತಾಲೀಮು ಮಾಡಿಸಿದಳು: “ಉಸರ ತಗೋರಿ ಅವ್ವಾ, ಬಿಡ್ರಿ, ಹಂಗ ಬಿಗಿ ಹಿಡೀರಿ, ನಾ ಹೇಳೂತನಾ.” ಅದೇ ಅಕ್ಕ, ಅದೇ ಹೊಟ್ಟೆ. ಚಿತ್ರ ಕನ್ನಡಿಯಷ್ಟು ಸ್ವಚ್ಛ ಬಂತು, ಹರಳೂ ಸಿಕ್ಕಿತು. ಎಂಡೋಸ್ಕೋಪಿಯಲ್ಲಿ ತೆಗೆದರು. ಈಗ ಮನೆಯಲ್ಲಿದ್ದಾಳೆ.

ಕನ್ನಡ ಬಾರದ ರೆಸಿಡೆಂಟರು ಎಲ್ಲಿಂದ ಕಲಿಯಬೇಕು ಎಂಬ ರಾಗ ನನಗೆ ಹೊಸದಲ್ಲ. ನೀಟ್‌-ಪಿಜಿ ಬರೆದು ದೇಶದ ಮೂಲೆಮೂಲೆಯಿಂದ ಬರುತ್ತಾರೆ, ಬರಲಿ, ಸಂತೋಷ. ರೇಡಿಯಾಲಜಿ ಮೇಲಿನ ರ‍್ಯಾಂಕಿನವರ ಪಾಲು, ಬುದ್ಧಿಗೆ ಕೊರತೆಯಿಲ್ಲ. ನಮ್ಮ ನೆಹರು ನಗರದ ಗಲ್ಲಿಗಳಲ್ಲಿ ರೂಮು ಹಿಡಿದಿರುವ ಹುಡುಗರನ್ನು ನೋಡುತ್ತೇನಲ್ಲ, ಬಂದ ವಾರದಲ್ಲೇ ಚಹಾದ ಅಂಗಡಿಯಲ್ಲಿ ‘ಕಟ್ ಚಾ ಕೊಡ್ರಿ’ ಅನ್ನುತ್ತಾರೆ, ಮೆಸ್ಸಿನಲ್ಲಿ ಇನ್ನೊಂದು ಭಕ್ಕರಿ ಕೇಳುತ್ತಾರೆ. ತಮ್ಮ ಹೊಟ್ಟೆಗೆ ಬೇಕಾದಷ್ಟು ಕನ್ನಡ ಕಲಿಯುವವರಿಗೆ ಅಜ್ಜಿಯ ಹೊಟ್ಟೆಗೆ ಬೇಕಾದ ಮೂರು ಮಾತು ಮೂರು ವರ್ಷದಲ್ಲಿ ಬರುವುದಿಲ್ಲವೇ? ಕನ್ನಡ ಬೇಡವೆಂದರೆ ಮರಾಠಿಯಲ್ಲಿ ಹೇಳಲಿ, ಖಾನಾಪುರದವರಿಗೆ ಎರಡೂ ತಿಳಿಯುತ್ತದೆ. ಖಾನಾಪುರ ಬಸ್ಸಿನ ಕಂಡಕ್ಟರ್ ನೂರು ಜನರ ಗದ್ದಲದಲ್ಲಿ ಚಿಲ್ಲರೆ ಎಣಿಸುತ್ತಾ ಎರಡೂ ಭಾಷೆಯಲ್ಲಿ ಮಾತಾಡುತ್ತಾನೆ. ಕೆಲಸದ ಒತ್ತಡ ಎಂದು ಅವನು ಯಾರಿಗೂ ‘ಪ್ರಯಾಣಿಕ ಸಹಕರಿಸಲಿಲ್ಲ’ ಎಂದು ಬರೆದುಕೊಟ್ಟದ್ದು ನಾನು ಕಂಡಿಲ್ಲ.

ಹೊಟ್ಟೆಯ ಎಂಆರ್‌ಐ ಹುಟ್ಟಿದ್ದು ಹೇಗೆಂದು ಈ ರೆಸಿಡೆಂಟರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. 1978ರಲ್ಲಿ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ತಾನು ಕಟ್ಟಿದ ಯಂತ್ರದೊಳಗೆ ತಾನೇ ಹೊಕ್ಕು ತನ್ನ ಹೊಟ್ಟೆಯ ಚಿತ್ರ ತೆಗೆಸಿಕೊಂಡ. ಏನಾದೀತೋ ಯಾರಿಗೂ ಖಾತ್ರಿಯಿರಲಿಲ್ಲ. 2003ರಲ್ಲಿ ಪಾಲ್ ಲಾಟರ್‌ಬರ್ ಜೊತೆ ಅವನಿಗೆ ನೊಬೆಲ್ ಬಂತು. ನೊಬೆಲ್ ಪಡೆದವನೇ ಮೊದಲು ತಾನು ಮಲಗಿದ. ನಮ್ಮವರೂ ಮಲಗಲಿ. ರೇಡಿಯಾಲಜಿಗೆ ಸೇರಿದ ಪ್ರತಿಯೊಬ್ಬರನ್ನೂ ಮೊದಲ ತಿಂಗಳಲ್ಲೇ, ಖಾಲಿ ಹೊಟ್ಟೆಯಲ್ಲಿ, ಆ ಕೊಳವೆಯೊಳಗೆ ಮಲಗಿಸಿ, ಅವರಿಗೆ ತಿಳಿಯದ ಯಾವುದೋ ಭಾಷೆಯಲ್ಲಿ ಉಸಿರು ಹಿಡಿ ಬಿಡು ಅನ್ನಲಿ. ಆಮೇಲೆ ಯಾರು ಸಹಕರಿಸಿದರು, ಯಾರು ಇಲ್ಲ, ವರದಿ ಬರೆಯಲಿ.

ಇನ್ನು ದುಡ್ಡಿನ ಮಾತು. ಮೊದಲ ಪರೀಕ್ಷೆಯ ಹಣ ಪೂರ್ತಿ ಕಟ್ಟಿದ್ದೆವು. ವರದಿ ನಿಷ್ಪ್ರಯೋಜಕ ಎಂದು ಅವರೇ ಬರೆದುಕೊಟ್ಟಿದ್ದಾರೆ. ಆದರೂ ಮತ್ತೆ ಮಾಡಿಸಬೇಕೆಂದರೆ ಮತ್ತೆ ಪೂರ್ತಿ ಕಟ್ಟಬೇಕೆಂದು ಕೌಂಟರಿನಲ್ಲಿ ಹೇಳಿದರು. ಕೆಟ್ಟ ಮಾಲು ಕೊಟ್ಟ ಅಂಗಡಿಯವನ ಜೊತೆ ಜಗಳ ತೆಗೆಯಬಹುದು, ಕೆಟ್ಟ ಚಿತ್ರ ಕೊಟ್ಟವರಿಗೆ ನಾವೇ ಕೈ ಮುಗಿಯಬೇಕು. ಸಿ.ಡಿ. ಬೇರೆ ಕೊಟ್ಟರು. ಅದನ್ನು ಹಾಕಿ ನೋಡುವ ಯಂತ್ರ ನಂದಗಡದ ಕಡೆ ಯಾರ ಮನೆಯಲ್ಲಿದೆಯೋ! ಇಷ್ಟೆಲ್ಲ ಆಗುವಾಗ ವರದಿಗೆ ಸಹಿ ಹಾಕಿದ ಡಾಕ್ಟರು ಅಕ್ಕನ ಮುಖವನ್ನು ಒಮ್ಮೆಯಾದರೂ ನೋಡಿದರೇ? ಇಲ್ಲ. ನನ್ನ ಕಾಲದ ರೇಡಿಯಾಲಜಿಸ್ಟ್ ಸಾಹೇಬರು ಫಿಲ್ಮಿನಲ್ಲಿ ಸಂಶಯ ಬಂದರೆ ಹೊರಗೆ ಬಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದರು, “ಎಲ್ಲಿ ನೋಯ್ತದ?” ಎಂದು ಕೇಳುತ್ತಿದ್ದರು. ಆಗ ಯಂತ್ರ ಹಳೆಯದಿತ್ತು.

ಸರ್ಕಾರಿ ಆಸ್ಪತ್ರೆಗಳ ಸ್ಕ್ಯಾನಿಂಗನ್ನು ಖಾಸಗಿಯವರಿಗೆ ವಹಿಸಿ, ಚಿತ್ರವನ್ನು ದೂರದೂರಿಗೆ ಕಳಿಸಿ ಓದಿಸುವ ಪದ್ಧತಿ ಬೇರೆ ಬಂದಿದೆ. ಅಲ್ಲಿ ಕೂತವನಿಗೆ ರೋಗಿ ಅಂದರೆ ಒಂದು ನಂಬರು. 1963ರಲ್ಲೇ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಶುರುವಾದ ಊರು ನಮ್ಮದು. ಸರ್ಕಾರಿ ಕಾಲೇಜೂ ಬಂದಿದೆ. ಗೋವಾದಿಂದ, ಚಂದಗಡದಿಂದ ಜನ ಬೆಳಗಾವಿಗೆ ಔಷಧಕ್ಕೆ ಬರುತ್ತಾರೆ ಎಂದು ನಾವು ಮೀಸೆ ತಿರುವುತ್ತೇವೆ. ಇಪ್ಪತ್ತಾರು ಕಿಲೋಮೀಟರ್ ದೂರದ ಖಾನಾಪುರದ ಮುದುಕಿಗೆ ತಿಳಿಯುವ ಹಾಗೆ ಉಸಿರು ಹಿಡಿಸಲು ಬಾರದಿದ್ದರೆ ಆ ಮೀಸೆ ಯಾತಕ್ಕೆ?

ಪಿಜಿ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲೇ ಬಂತು, 2023ರ ನಿಯಮಾವಳಿಯಲ್ಲೂ ಇದೆ. ರೇಡಿಯಾಲಜಿಯವರಿಗೂ ಅದು ಅನ್ವಯ. ಅದರಲ್ಲಿ ಕೆಲವು ವಾರವಾದರೂ ಖಾನಾಪುರದ ತಾಲ್ಲೂಕು ಆಸ್ಪತ್ರೆಗೆ ಕಳಿಸಲು ಯಾರ ಅಡ್ಡಿ? ಅಲ್ಲಿ ಎಂಆರ್‌ಐ ಇಲ್ಲವಲ್ಲ ಎನ್ನುತ್ತಾರೆ. ಗೊತ್ತು. ಯಂತ್ರ ನೋಡಲಿಕ್ಕೆ ಬರಬೇಕಿಲ್ಲ. ಆ ಯಂತ್ರದೊಳಗೆ ಮುಂದೆ ಮಲಗುವವರು ಅಲ್ಲಿ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತಿರುತ್ತಾರೆ. ಜುಲೈಯಲ್ಲೇ ಬರಲಿ. ಕಣಕುಂಬಿ ಕಡೆ ಮಳೆ ಹೊಡೆಯುತ್ತಿರುತ್ತದೆ, ಕಾಡಿನ ಊರುಗಳಿಂದ ರೋಗಿಗಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ರಸ್ತೆಗೆ ತರುತ್ತಾರೆ. ಆ ಡೋಲಿಗೆ ಒಮ್ಮೆ ಹೆಗಲು ಕೊಟ್ಟು ಬಂದವರು ವರದಿಯಲ್ಲಿ ಏನು ಬರೆಯುತ್ತಾರೋ ನೋಡಬೇಕೆಂದು ನನಗೆ ಆಸೆಯಿದೆ. ಅಲ್ಲಿಯ ತನಕ ನಮ್ಮಕ್ಕನ ಆ ಮೊದಲ ವರದಿ ನನ್ನ ಹತ್ತಿರವೇ ಇರುತ್ತದೆ. ತಿದ್ದಿ ಕೊಡುವವರಿದ್ದರೆ ತಂದು ಕೊಡುತ್ತೇನೆ.

— ನಿವೃತ್ತ ಎಕ್ಸ್‌-ರೇ ತಂತ್ರಜ್ಞ, ನೆಹರು ನಗರ, ಬೆಳಗಾವಿ