ಅಗ್ಗದ ಪುಸ್ತಕದ ನಿಜವಾದ ಬೆಲೆ



ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಣೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ. ಕಾರ್ಖಾನೆಯ ಕೆಲಸ ಹೋದ ಮೇಲೆ ಕೈಗೆ ಬಂದ ಹಣದಲ್ಲಿ ಮರ ಕಡೆಯುವ ಚಿಕ್ಕದೊಂದು ಲೇತ್ ಯಂತ್ರವನ್ನು ಕೊಂಡಿದ್ದನಂತೆ. ಲಟ್ಟಣಿಗೆ, ಬುಗುರಿ, ಕಡೆಗೋಲುಗಳನ್ನು ಮಾಡಿ ಮಾರಬೇಕೆಂಬುದು ಅವನ ಎಣಿಕೆ. ತಿರುಗುತ್ತಿದ್ದ ಮರಕ್ಕೆ ಉಳಿಯ ಮೂಲೆ ಕಚ್ಚಿಕೊಂಡು, ತುಂಡು ಹಾರಿ ಹಣೆಗೆ ಬಡಿದಿತ್ತು. ಎರಡು ಅಂಗುಲ ಕೆಳಗೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು.

"ಸಾರ್, ಮೊಬೈಲಿನಲ್ಲಿ ನೋಡಿದರೆ ಅವರ ಕೈ ಓಡುವುದು ಕಾಣುತ್ತದೆ, ಏಕೆ ಹಾಗೆ ಹಿಡಿದರು ಎಂಬುದು ತಿಳಿಯುವುದಿಲ್ಲ. ಕಡಿಮೆ ಬೆಲೆಗೆ ಒಂದು ಪುಸ್ತಕ ಹುಡುಕಿಕೊಡುತ್ತೀರಾ?" ಎಂದು ಕೇಳಿದ. ಚನ್ನಪಟ್ಟಣಕ್ಕೆ ಹೋಗಿ ನೋಡಿ ಬಾ ಎಂದೂ ಹೇಳಿದೆ. ಅಲ್ಲಿಯ ಕುಶಲಿಗಳು ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಉಜ್ಜುವಿಕೆಯ ಬಿಸಿಯಲ್ಲೇ ಬಣ್ಣ ಹಿಡಿಸುವುದನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಕಲಿಸಲಾರದು. ಆದರೆ ಅಲ್ಲಿ ತಿಂಗಳುಗಟ್ಟಲೆ ನಿಂತು ಕಲಿಯುವ ಅನುಕೂಲ ಅವನಿಗಿರಲಿಲ್ಲ. ಪುಸ್ತಕ ಹುಡುಕುವ ಹೊಣೆ ನನ್ನ ಪಾಲಿಗೆ ಬಂತು.

ಅಂತರ್ಜಾಲದ ಅಂಗಡಿಗಳಲ್ಲಿ ಹುಡುಕಿದೆ. ವಿದೇಶದಿಂದ ಬರುವ ಹೊಸ ಪುಸ್ತಕದ ಬೆಲೆ ಅವನ ಒಂದು ವಾರದ ಸಂಪಾದನೆಗಿಂತ ಹೆಚ್ಚು. ಹಳೆಯ ಪ್ರತಿ ಅಗ್ಗವೆಂದು ಕಂಡಿತು, ಆದರೆ ಕೊನೆಯ ಪುಟಕ್ಕೆ ಹೋದಾಗ ಸಾಗಣೆ ವೆಚ್ಚವೇ ಪುಸ್ತಕದ ಬೆಲೆಯ ಮೂರರಷ್ಟಿತ್ತು. ಇದಕ್ಕೆ ಕಾರಣಗಳಿವೆ. ಅಮೆರಿಕದ ಅಂಚೆ ಇಲಾಖೆ ಹಡಗಿನಲ್ಲಿ ಹೋಗುವ ಅಗ್ಗದ ಅಂತರರಾಷ್ಟ್ರೀಯ ಸೇವೆಯನ್ನು 2007ರಲ್ಲಿ ನಿಲ್ಲಿಸಿತು. ಸಾಗಣೆ ವೆಚ್ಚವಿಲ್ಲದೆ ಲೋಕಕ್ಕೆಲ್ಲ ಪುಸ್ತಕ ಕಳುಹಿಸುತ್ತಿದ್ದ ಬ್ರಿಟನ್ನಿನ ಬುಕ್ ಡಿಪಾಸಿಟರಿ 2023ರ ಏಪ್ರಿಲಿನಲ್ಲಿ ಮುಚ್ಚಿತು.

ಇಷ್ಟೆಲ್ಲ ತಿಳಿದ ಮೇಲೂ ನಾನು ಮೋಸಹೋದೆ. ಹೊಳೆಯುವ ಹೊದಿಕೆಯ ಒಂದು ಪುಸ್ತಕ 900 ರೂಪಾಯಿಗೆ ಕಂಡಿತು. ತರಿಸಿದೆ. ತೆರೆದು ನೋಡಿದರೆ ಅದು 1919ರ ಪುಸ್ತಕವೊಂದರ ಛಾಯಾಪ್ರತಿ. ಅಕ್ಷರ ಮಸುಕು, ಮುಖ್ಯವಾದ ಚಿತ್ರಪಟಗಳೇ ಕಾಣೆ. ಮಿಲ್ಟನ್ ಮತ್ತು ವೋಲರ್ಸ್ ಅಮೆರಿಕದ ಶಾಲಾ ಮಕ್ಕಳಿಗಾಗಿ ಬರೆದ 'ಎ ಕೋರ್ಸ್ ಇನ್ ವುಡ್ ಟರ್ನಿಂಗ್' ಎಂಬ ಆ ಪುಸ್ತಕದ ಹಕ್ಕಿನ ಅವಧಿ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಅದು ಚಿತ್ರಗಳ ಸಮೇತ ಉಚಿತವಾಗಿ ಸಿಗುತ್ತದೆ! ಮಾರಿದವರು ಕಾನೂನನ್ನು ಮುರಿದಿಲ್ಲ; ಕೊಳ್ಳುವವನಿಗೆ ಹೇಳಬೇಕಾದ್ದನ್ನು ಹೇಳಲಿಲ್ಲ, ಅಷ್ಟೆ. "ಉತ್ತರ ಬರೆಯುವ ಮುನ್ನ ಪ್ರಶ್ನೆಯನ್ನು ಎರಡು ಸಲ ಓದಿರಿ" ಎಂದು ನಿಮಗೆ ಮೂವತ್ತು ವರ್ಷ ಹೇಳಿದ ಮೇಷ್ಟರು ಪುಸ್ತಕದ ವರ್ಷವನ್ನು ಒಮ್ಮೆಯೂ ನೋಡಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಪುಸ್ತಕ ಅಗ್ಗವೋ ಅಲ್ಲವೋ ಎಂಬುದನ್ನು ಬೆಲೆಯ ಚೀಟಿ ಹೇಳುವುದಿಲ್ಲ. ಒಟ್ಟು ಖರ್ಚು ಮತ್ತು ಕೈಗೆ ಬಂದ ಮೇಲಿನ ಉಪಯೋಗ, ಇವೆರಡೇ ಹೇಳಬೇಕು. ಹಕ್ಕು ಮುಗಿದ ಹಳೆಯ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವ ಮುನ್ನ ಉಚಿತವಾಗಿ ಇದೆಯೇ ನೋಡಬೇಕು. ಆದರೆ ಇಂದಿನ ಚಕ್ಕುಗಳ, ಪಾರದರ್ಶಕ ಮುಖಕವಚದ ಮಾತು 1919ರ ಪುಸ್ತಕದಲ್ಲಿ ಇರಲಾರದು. ಅದಕ್ಕೆ ಈಚಿನದೊಂದು ಬೇಕು. ಅಲ್ಲಿಯೂ ಹೊಸ ಆವೃತ್ತಿಯ ಹಟ ಬೇಡ. ಕೀತ್ ರೌಲಿಯವರ 'ವುಡ್‌ಟರ್ನಿಂಗ್: ಎ ಫೌಂಡೇಶನ್ ಕೋರ್ಸ್' 1990ರಲ್ಲಿ ಬಂದದ್ದು. ಉಳಿಯನ್ನು ಮೊದಲು ಆಸರೆಯ ಪಟ್ಟಿಯ ಮೇಲೆ ಊರಿ ಆಮೇಲೆ ಮರಕ್ಕೆ ತಾಗಿಸಬೇಕು, ಉಳಿಯ ಇಳಿಜಾರು ಮುಖ ಮರವನ್ನು ಸವರುತ್ತಿರಬೇಕು ಎಂಬ ನಿಯಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಿಲ್ಲ. ಮಾರುವವರು ಒಳಪುಟದ ಚಿತ್ರವನ್ನಾಗಲಿ ಪ್ರಕಟಣೆಯ ವರ್ಷವನ್ನಾಗಲಿ ಕೊಡದಿದ್ದರೆ ಕೇಳಿರಿ. ಉತ್ತರ ಬಾರದಿದ್ದರೆ ಬಿಟ್ಟುಬಿಡಿರಿ.

ಕೊನೆಗೆ ದಾರಿ ತೋರಿದವನು ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ. ರೌಲಿಯವರ ಪುಸ್ತಕದ ಹಳೆಯ ಪ್ರತಿಯನ್ನು ಅಲ್ಲಿಯೇ ತನ್ನ ಮನೆಗೆ ತರಿಸಿಕೊಂಡು, ರಜೆಗೆ ಬರುವಾಗ ಪೆಟ್ಟಿಗೆಯಲ್ಲಿಟ್ಟು ತಂದ. ಸಾಗಣೆಯೂ ಸೇರಿ ತಗುಲಿದ್ದು ನಾನು ಕಳೆದುಕೊಂಡ 900 ರೂಪಾಯಿಗಿಂತ ಕಡಿಮೆ. ಹೊರದೇಶಗಳಲ್ಲಿರುವ ನಮ್ಮ ಮಕ್ಕಳೇ, ನೀವು ತರುವ ಚಾಕೊಲೇಟಿನ ಪಕ್ಕದಲ್ಲಿ ಇಂಥ ಒಂದು ಹಳೆಯ ಪುಸ್ತಕಕ್ಕೂ ಜಾಗ ಮಾಡಿರಿ. ಯಾರಿಗೆ ಏನು ಬೇಕೆಂದು ಹೊರಡುವ ತಿಂಗಳ ಮೊದಲೇ ಊರಿಗೆ ಬರೆದು ಕೇಳಿರಿ.

ಪುಸ್ತಕ ಬಂದರೂ ಒಂದು ತೊಡಕು ಉಳಿದಿತ್ತು. ಹುಡುಗನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. (ನಲವತ್ತು ದಾಟಿದವನು, ನನಗೆ ಇನ್ನೂ ಹುಡುಗನೇ.) ಹೀಗಾಗಿ ಭಾನುವಾರ ಸಂಜೆ ಅವನು ಬರುತ್ತಾನೆ, ನಾನು ಓದಿ ಅರ್ಥ ಹೇಳುತ್ತೇನೆ, ಅವನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ಕೆಲವೆಡೆ ಅವನೇ ನನಗೆ ಅರ್ಥ ಹೇಳುತ್ತಾನೆ. ಕಳೆದ ವಾರ ಒಂದು ಬುಗುರಿ ತಂದುಕೊಟ್ಟ. ಜಗುಲಿಯ ಮೇಲೆ ಬಿಟ್ಟೆವು. ತೂಗಾಡದೆ ಬಹಳ ಹೊತ್ತು ನಿಂತು ತಿರುಗಿತು. ಹಣೆಯ ಗಾಯ ಮಾಯ್ದಿದೆ, ಗುರುತು ಉಳಿದಿದೆ.