ಬಾಲ್ಯದ ಗಾಯಕ್ಕೆ ಅಂಕ ಹಾಕಿದರೆ ಹೃದಯ ಉಳಿಯದು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಬಾಲ್ಯದ ಸಂಕಟಕ್ಕೂ ಒಂದು ದರವಿದೆ. ಬಡವರ ಸರ್ಕಾರಿ ವಿಮೆಯಾದ ಮೆಡಿ-ಕ್ಯಾಲ್‌ನಡಿ ಬರುವವರ ಬಾಲ್ಯದ ಕಹಿಗಳನ್ನು ಪ್ರಶ್ನಾವಳಿಯಿಟ್ಟು ಎಣಿಸಿದ ವೈದ್ಯರಿಗೆ ಸರ್ಕಾರ ತಲಾ 29 ಡಾಲರ್ ಕೊಡುತ್ತದೆ. ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ಮನೆಯವರ ಕುಡಿತ, ಜೈಲುವಾಸ, ತಂದೆತಾಯಿಯರ ಬೇರ್ಪಡೆ ಹೀಗೆ ಹತ್ತು ಬಗೆ, ಬಗೆಗೊಂದು ಅಂಕ. ನಾಲ್ಕು ಮುಟ್ಟಿದರೆ ‘ಹೆಚ್ಚಿನ ಅಪಾಯ’ದ ಮುದ್ರೆ. ರಾಜ್ಯದ ಮೊದಲ ಸರ್ಜನ್ ಜನರಲ್ ಆಗಿದ್ದ ಮಕ್ಕಳ ವೈದ್ಯೆ ನಡೀನ್ ಬರ್ಕ್ ಹ್ಯಾರಿಸ್ ಇದರ ಮುಂಚೂಣಿಯಲ್ಲಿದ್ದರು. ಅವರ ಕಾಳಜಿಯನ್ನು ಯಾರೂ ಶಂಕಿಸಬೇಕಿಲ್ಲ. ಯೋಜನೆಯನ್ನು ಶಂಕಿಸಲೇಬೇಕು.

ಹಾಗೆಂದು ಬಾಲ್ಯದ ಸಂಕಟಕ್ಕೂ ಮುಂದಿನ ಕಾಯಿಲೆಗೂ ನಂಟಿದೆ ಎನ್ನುವ ಮೂಲ ವಿಜ್ಞಾನ ಪೊಳ್ಳಲ್ಲ. ಈ ಎಣಿಕೆಯನ್ನು ರೂಪಿಸಿದ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಸ್ಯಾನ್ ಡಿಯಾಗೊದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಪ್ರಶ್ನಿಸಿ, 1998ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. 2004ರ ಮುಂದಿನ ವಿಶ್ಲೇಷಣೆಯಲ್ಲಿ, ಏಳು ಅಥವಾ ಹೆಚ್ಚು ಬಗೆಯ ಸಂಕಟ ಉಂಡವರಲ್ಲಿ ಹೃದ್ರೋಗದ ಸಂಭವ, ಏನೂ ಅನುಭವಿಸದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ನೊಂದವರು ಸಿಗರೇಟು ಹಿಡಿಯುತ್ತಾರೆ, ದಪ್ಪಗಾಗುತ್ತಾರೆ, ಅದರಿಂದ ಹೃದಯ ಕೆಡುತ್ತದೆ, ಅಷ್ಟೇ ಎನ್ನುವವರಿದ್ದಾರೆ. ಆದರೆ ಧೂಮಪಾನ, ಬೊಜ್ಜಿನಂಥ ಕಾರಣಗಳಿಗಿಂತ ಖಿನ್ನತೆ ಮತ್ತು ಕೋಪವೇ ಈ ನಂಟನ್ನು ಹೆಚ್ಚು ವಿವರಿಸುತ್ತವೆ ಎಂದು ಅದೇ ವಿಶ್ಲೇಷಣೆ ತೋರಿಸಿತು. ದೊಡ್ಡವರ ನೆನಪನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಇನ್ನೂ ಗಟ್ಟಿಯದು. ಅದಕ್ಕೆ ಉತ್ತರ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿದೆ. ಅಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ಚಿಕ್ಕಂದಿನಿಂದಲೇ ಗಮನಿಸುತ್ತ ಬಂದರು. ದೌರ್ಜನ್ಯಕ್ಕೊಳಗಾದ ಮಕ್ಕಳು 32 ವರ್ಷದವರಾದಾಗ ಅವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿದ್ದವು. ಹೃದಯದ ರಕ್ತನಾಳಗಳು ಕೆಡುವುದರಲ್ಲಿ ಉರಿಯೂತದ ಪಾತ್ರ ವೈದ್ಯರಿಗೆ ಹೊಸತಲ್ಲ.

ತಪ್ಪು ಆಗುವುದು ಮುಂದಿನ ಹೆಜ್ಜೆಯಲ್ಲಿ. ಸಾವಿರಾರು ಜನರ ಸರಾಸರಿಯನ್ನು ಒಂದು ಮಗುವಿನ ಹಣೆಬರಹವೆಂದು ಓದುವುದರಲ್ಲಿ. ಸಾಕ್ಷಾತ್ ಆಂಡಾ ಅವರೇ 2020ರಲ್ಲಿ ಸಹಲೇಖಕರೊಂದಿಗೆ ಇದನ್ನು ವಿರೋಧಿಸಿ ಬರೆದರು. ಒಮ್ಮೆ ನಡೆದ ಹೊಡೆತಕ್ಕೂ ಹತ್ತು ವರ್ಷ ನಡೆದ ಹೊಡೆತಕ್ಕೂ ಈ ಲೆಕ್ಕದಲ್ಲಿ ಒಂದೇ ಅಂಕ. ವ್ಯಕ್ತಿಯ ಅಪಾಯ ಅಳೆಯಲು ಇದು ತಕ್ಕ ಸಾಧನವಲ್ಲ ಎಂಬುದು ಅವರ ನಿಲುವು. ಅಳತೆಗೋಲು ಮಾಡಿದವರೇ ಬೇಡವೆಂದರೂ ರಾಜ್ಯ ಅದನ್ನು ಕೈಬಿಡಲಿಲ್ಲ. ಮರುವರ್ಷ ಬ್ರಿಟನ್ ಮತ್ತು ನ್ಯೂಜಿಲೆಂಡಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೂ ಇದನ್ನೇ ಹೇಳಿತು: ಅಂಕ ಹೆಚ್ಚಿದ ಗುಂಪಿನಲ್ಲಿ ಕಾಯಿಲೆ ಹೆಚ್ಚು, ನಿಜ, ಆದರೆ ಯಾರಿಗೆ ಬರುತ್ತದೆ, ಯಾರಿಗಿಲ್ಲ ಎಂದು ಅಂಕ ನೋಡಿ ಹೇಳಲಾಗದು. ಇನ್ನು ಬಡತನಕ್ಕೆ ಆ ಹತ್ತರ ಪಟ್ಟಿಯಲ್ಲಿ ಜಾಗವೇ ಇಲ್ಲ. ಬಡವರ ವಿಮೆಯಡಿ ನಡೆಯುವ ಎಣಿಕೆಯ ಸೊಗಸು ಇದು!

ಕೇಳದಿದ್ದರೆ ನೊಂದ ಮಗು ಗೊತ್ತಾಗುವುದು ಹೇಗೆ ಎನ್ನುತ್ತಾರೆ ಸಮರ್ಥಕರು. ನ್ಯಾಯವಾದ ಪ್ರಶ್ನೆ. ಮಗುವಿನ ಮೈಮೇಲೆ ಬಾಸುಂಡೆ ಕಂಡರೆ, ಮಾತು ತಡವರಿಸಿದರೆ ವೈದ್ಯರು ಕೇಳಲೇಬೇಕು, ಅದಕ್ಕೆ ಅಂಕಪಟ್ಟಿ ಬೇಕಿಲ್ಲ. ಎಲ್ಲರನ್ನೂ ತಪಾಸಣೆ ಮಾಡುವುದಾದರೆ, ಪತ್ತೆಯಾದುದಕ್ಕೆ ಒಪ್ಪಿತ ಚಿಕಿತ್ಸೆ ಇರಬೇಕು ಎಂಬ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲೇ ಬರೆದಿದ್ದಾರೆ. ಆರು ಅಂಕಕ್ಕೆ ಮಾತ್ರೆ ಯಾವುದು? ಫಲ ಕಂಡ ದಾರಿ ಬೇರೆಯೇ ಇದೆ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಡೇವಿಡ್ ಓಲ್ಡ್ಸ್ ತಂಡ, ತಾಯಂದಿರು ಬಸುರಿಯರಾಗಿದ್ದಾಗಿನಿಂದ ಮಗುವಿಗೆ ಎರಡು ವರ್ಷವಾಗುವವರೆಗೆ ನರ್ಸ್‌ಗಳನ್ನು ಮನೆಗೆ ಕಳಿಸಿತು. ಹದಿನೈದು ವರ್ಷಗಳ ನಂತರ ಆ ತಾಯಂದಿರು ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ, ಅವರನ್ನು ನಿರ್ಲಕ್ಷಿಸಿದ ವರದಿಗಳು ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿದ್ದವು. ಎಣಿಕೆಯ ಹಣ ಇಂಥ ನರ್ಸ್‌ಗಳ ಸಂಬಳಕ್ಕೆ ಹೋಗಬೇಕು.

ಈ ಹತ್ತು ಪ್ರಶ್ನೆಗಳು ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತವೆ. ನೀವು ಉತ್ತರಿಸಿ ಅಂಕ ಹೆಚ್ಚು ಬಂದರೆ ಹೃದಯಾಘಾತ ಖಚಿತವೆಂದು ಹೆದರಬೇಡಿ. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ, ಮನಸ್ಸು ಕುಗ್ಗಿದ್ದರೆ ಅದನ್ನೂ ವೈದ್ಯರ ಮುಂದೆ ಹೇಳಿ.